ಕೀರ್ದಿಯಿಂದ ಕೀಲಿಮಣೆಗೆ

ಒಂದು ಕಾಲಕ್ಕೆ ಅಡಿಕೆ ಸೀಮೆಯಲ್ಲಿ ‘ಅಕ್ಷರ ದುಂಡಗಿದೆ, ಲೆಕ್ಕ ಚೊಕ್ಕ’ ಎಂಬ ಎರಡು ಮಾತು ಹುಟ್ಟಿದರೆ ಆ ಹುಡುಗನಿಗೆ ಸೊಸೈಟಿಯಲ್ಲಿ ಗುಮಾಸ್ತಿಕೆ ಸಿಕ್ಕಿತೆಂದೇ ಅರ್ಥ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ಮುಂದೆ ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಹಳ್ಳಿಗೂ ಸಹಕಾರಿ ಸಂಘಗಳು ಹಬ್ಬಿದವು. ಉತ್ತರ ಕನ್ನಡ 1956ರ ವರೆಗೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಲೆಕ್ಕದ ಮಾತೂ ಆ ಕಡೆಯದೇ. ದಿನದ ಜಮಾ-ಖರ್ಚನ್ನು ನಡೆದ ಕ್ರಮದಲ್ಲೇ ಬರೆಯುವ ಪುಸ್ತಕ ಕೀರ್ದಿ. ಅದನ್ನೇ ಒಬ್ಬೊಬ್ಬ ಸದಸ್ಯನ ಪುಟಕ್ಕೆ ಎತ್ತಿ ಬರೆಯುವುದು ಖತಾವಣಿ. ಸಂಜೆ ಇವೆರಡೂ ತಾಳೆಯಾಗದಿದ್ದರೆ ಗುಮಾಸ್ತನಿಗೆ ಮನೆಯಿಲ್ಲ. ನಾಲ್ಕಾಣೆಯ ವ್ಯತ್ಯಾಸಕ್ಕೆ ಲಾಟೀನು ಹಚ್ಚಿಕೊಂಡು ಕೂತವರ ಕಥೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ.

ಈ ಗುಮಾಸ್ತನ ಮುಂದೆ ಗಣಕಯಂತ್ರ ಬಂದು ಕೂತಾಗ ಅವನು ಕಲಿಯಬೇಕಾಗಿ ಬಂದದ್ದು ಏನನ್ನು? ಹೊಸ ಯಂತ್ರವನ್ನೋ, ಹೊಸ ಲೆಕ್ಕವನ್ನೋ?

ಮೊದಲು ಯಂತ್ರದ ಮಾತು. ಪೇಟೆಯಲ್ಲಿ ಅದಾಗಲೇ ಟೈಪಿಂಗ್ ಕ್ಲಾಸುಗಳಿದ್ದವು. ಹತ್ತನೇ ಇಯತ್ತೆ ಮುಗಿದ ಕೂಡಲೇ ‘ಜೂನಿಯರ್, ಸೀನಿಯರ್’ ಕಟ್ಟುವುದು ವಾಡಿಕೆ. ತೊಂಬತ್ತರ ದಶಕದಲ್ಲಿ ಅದೇ ಬಗೆಯ ಕಟ್ಟಡಗಳಲ್ಲಿ ಕಂಪ್ಯೂಟರ್ ತರಗತಿಯ ಬೋರ್ಡುಗಳು ಕಾಣಿಸಿಕೊಂಡವು. ಚಪ್ಪಲಿ ಹೊರಗೆ ಬಿಡಬೇಕು, ಧೂಳು ತಾಗಬಾರದು, ಒಂದು ಯಂತ್ರದ ಮುಂದೆ ಮೂವರು. ಪಾಠವೆಂದರೆ ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್. ಆಗ ಮೌಸ್ ಇರಲಿಲ್ಲ. ಬರೆದದ್ದನ್ನು ಉಳಿಸಿ ಮುಚ್ಚಲು ‘ಕಂಟ್ರೋಲ್-ಕೆ-ಡಿ’ ಎಂದು ಮಗ್ಗಿಯಂತೆ ಬಾಯಿಪಾಠ ಮಾಡಬೇಕಿತ್ತು. ಕೆಲವೇ ವರ್ಷಗಳಲ್ಲಿ ವಿಂಡೋಸ್ ಬಂದು ಆ ಮಗ್ಗಿಯನ್ನೆಲ್ಲ ಕಸದ ಬುಟ್ಟಿಗೆ ಹಾಕಿತು. ಕೀಲಿಗಳನ್ನಷ್ಟೇ ಕಲಿತವರು ಮತ್ತೆ ಮೊದಲಿನಿಂದ ಕಲಿತರು. ಕೀಲಿ ಏಕೆ ಒತ್ತುತ್ತೇವೆಂದು ತಿಳಿದವರಿಗೆ ಅಷ್ಟು ಕಷ್ಟವಾಗಲಿಲ್ಲ. ಈ ಭೇದ ಇಂದಿಗೂ ಹೋಗಿಲ್ಲ.

ಕಚೇರಿಯ ತಂತ್ರಾಂಶಗಳಲ್ಲಿ ನಿಜವಾಗಿ ಹೊಸದು ಎನ್ನಬೇಕಾದದ್ದು ‘ಸ್ಪ್ರೆಡ್‌ಶೀಟ್’. ಅದರ ಕಥೆ ಸ್ವಾರಸ್ಯವಾಗಿದೆ. 1978ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ವ್ಯಾಪಾರಶಾಸ್ತ್ರ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್‌ಗೆ ತರಗತಿಯ ಕರಿಹಲಗೆ ಒಂದು ವಿಚಾರ ಹೊಳೆಯಿಸಿತು. ಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಿದರೆ ಅದನ್ನು ನೆಚ್ಚಿದ ಅಂಕಿಗಳನ್ನೆಲ್ಲ ಅಳಿಸಿ ಬರೆಯಬೇಕು. ತಾನಾಗಿ ತಿದ್ದಿಕೊಳ್ಳುವ ಹಲಗೆ ಇದ್ದರೆ? ಮರುವರ್ಷವೇ ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿ ಆತ ‘ವಿಸಿಕ್ಯಾಲ್ಕ್’ ತಂದ. 1983ರಲ್ಲಿ ಲೋಟಸ್, 1985ರಲ್ಲಿ ಎಕ್ಸೆಲ್ ಅದರ ಹಿಂದೆಯೇ ಬಂದವು.

ಅಡಿಕೆ ಪಟ್ಟಿಯನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ರೈತ ತಂದ ಮಾಲು ರಾಶಿ, ಚಾಲಿ, ಬೆಟ್ಟೆ, ಕೋಕಾ ಎಂದು ಬೇರೆಯಾಗಿ, ತೂಕವಾಗಿ, ಟೆಂಡರಿನಲ್ಲಿ ದರ ಕಂಡು ಪಟ್ಟಿಯಾಗುತ್ತದೆ. ಒಂದು ಸಾಲಿನಲ್ಲಿ ಬಗೆ, ಪಕ್ಕದಲ್ಲಿ ತೂಕ, ಅದರಾಚೆ ಕ್ವಿಂಟಲಿನ ದರ, ಕೊನೆಗೆ ಮೊತ್ತ. ಕೆಳಗೆ ಹಮಾಲಿ, ದಲಾಲಿ, ಮುಂಗಡದ ಮುರಿತ. ಉದಾಹರಣೆಗೆ 2 ಕ್ವಿಂಟಲ್ 35 ಕಿಲೋ ಚಾಲಿ, ದರ 40,000 ರೂಪಾಯಿ ಎಂದಿಟ್ಟುಕೊಂಡರೆ ಮೊತ್ತ 94,000. ಎಕ್ಸೆಲ್ಲಿನ ಮನೆಯಲ್ಲಿ 94,000 ಎಂದು ಬರೆಯುವುದಿಲ್ಲ; ‘=ಬಿ2*ಸಿ2’ ಎಂದು ಬರೆಯುತ್ತಾರೆ. ಅಂದರೆ ಉತ್ತರವನ್ನಲ್ಲ, ಉತ್ತರ ಬರುವ ದಾರಿಯನ್ನು ಬರೆದಿಡುವುದು. ದರ 41,000 ಆದರೆ ಮೊತ್ತ 96,350ಕ್ಕೆ ತಾನೇ ಬದಲಾಗುತ್ತದೆ, ಕೆಳಗಿನ ಕೂಡುಲೆಕ್ಕವೂ ಬದಲಾಗುತ್ತದೆ. ಇಷ್ಟು ತಿಳಿದವನಿಗೆ ಎಕ್ಸೆಲ್ ಅರ್ಧ ಬಂದಂತೆ. ಆದರೆ ಎಷ್ಟೋ ಕಡೆ, ಯಂತ್ರದ ಪಕ್ಕದಲ್ಲೇ ಕ್ಯಾಲ್ಕುಲೇಟರ್ ಇಟ್ಟು ಗುಣಿಸಿ ಬಂದ ಉತ್ತರವನ್ನು ಎಕ್ಸೆಲ್ಲಿನಲ್ಲಿ ಟೈಪು ಮಾಡುವವರಿದ್ದಾರೆ! ಅವರು ಲಕ್ಷಣವಾದ ಗೆರೆಕಾಗದವನ್ನು ದುಬಾರಿ ಬೆಲೆಗೆ ಕೊಂಡಿದ್ದಾರೆ, ಅಷ್ಟೇ.

ಇದಕ್ಕೊಂದು ಅಪಾಯವೂ ಇದೆ. ಕೂಡುಲೆಕ್ಕದ ಸೂತ್ರ ಎರಡನೇ ಸಾಲಿನಿಂದ ಇಪ್ಪತ್ತನೆಯ ಸಾಲಿನ ವರೆಗೆ ಎಂದಿರುವಾಗ ಇಪ್ಪತ್ತೊಂದನೆಯ ಸಾಲಿನಲ್ಲಿ ಇನ್ನೊಬ್ಬ ರೈತನ ಹೆಸರು ಬರೆದರೆ ಅವನ ಹಣ ಮೊತ್ತದಲ್ಲಿ ಸೇರದೆ ಹೋಗಬಹುದು. ಯಂತ್ರ ಕೆಂಪು ದೀಪ ತೋರಿಸಬೇಕೆಂದಿಲ್ಲ. ಅಚ್ಚಾದ ಹಾಳೆ ನೀಟಾಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕೀರ್ದಿ ಬರೆದ ಕೈಗೆ ಇಂತಹ ತಪ್ಪು ಬೇಗ ಸಿಗುತ್ತದೆ. ‘ಈ ಮೊತ್ತ ಕಮ್ಮಿ ಕಾಣ್ತು’ ಎಂದು ಕಣ್ಣಂದಾಜಿನಲ್ಲೇ ಹೇಳುವವರು ಅವರು. ಲೆಕ್ಕ ಬಲ್ಲವನಿಗೆ ಯಂತ್ರ ಕಲಿಸುವುದು, ಯಂತ್ರ ಬಲ್ಲವನಿಗೆ ಲೆಕ್ಕ ಕಲಿಸುವುದಕ್ಕಿಂತ ಸುಲಭವೆಂದು ತೋರುತ್ತದೆ. ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ‘ಟ್ಯಾಲಿ’ ದೇಶದ ಅಂಗಡಿ-ಕಚೇರಿಗಳಲ್ಲಿ ಅಷ್ಟು ಬೇಗ ಒಗ್ಗಿದ್ದೂ ಇದೇ ಕಾರಣಕ್ಕೆ ಇರಬೇಕು. ಅದು ವ್ಯಾಪಾರಿಯ ಕ್ರಮವನ್ನೇ ಹಿಡಿದು ನಡೆಯುತ್ತದೆ: ದಿನದ ವಹಿವಾಟು ಒಮ್ಮೆ ಬರೆದರೆ ಖತಾವಣಿಗೆ ತಾನೇ ಏರುತ್ತದೆ. (ನಮ್ಮ ‘ತಾಳೆ’ಗೂ ಈ ‘ಟ್ಯಾಲಿ’ಗೂ ಸಂಬಂಧವಿಲ್ಲ, ಆದರೂ ಹೆಸರು ಕಿವಿಗೆ ಹೊಸತೆನಿಸಲಿಲ್ಲ.)

ಇನ್ನು ಕನ್ನಡದ ಪ್ರಶ್ನೆ. ಸಂಘದ ನೋಟೀಸು, ವಾರ್ಷಿಕ ಸಭೆಯ ವರದಿ, ಪಂಚಾಯತಿಯ ಠರಾವು ಎಲ್ಲವೂ ಕನ್ನಡದಲ್ಲೇ ಆಗಬೇಕು. ಯಂತ್ರದ ಕೀಲಿಮಣೆಯ ಮೇಲಿರುವುದು ಇಂಗ್ಲಿಷಿನ 26 ಅಕ್ಷರ. ಕನ್ನಡ ಟೈಪ್‌ರೈಟರಿನಲ್ಲಿ ಪಳಗಿದವರ ಬೆರಳಿಗೆ ಬೇರೆಯದೇ ಜಾಗಗಳು ರೂಢಿಯಾಗಿದ್ದವು. ದಕ್ಷಿಣ ಕನ್ನಡದ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಇದಕ್ಕೊಂದು ಸರಳ ದಾರಿ ತೋರಿಸಿದರು. ಅಕ್ಷರದ ಆಕಾರವನ್ನಲ್ಲ, ಉಚ್ಚಾರವನ್ನು ಒತ್ತಿದರೆ ಸಾಕು. ವ್ಯಂಜನದ ಮೇಲೆ ಸ್ವರ ಒತ್ತಿದರೆ ಗುಣಿತಾಕ್ಷರ, ನಡುವೆ ‘ಎಫ್’ ಒತ್ತಿದರೆ ಒತ್ತಕ್ಷರ. ‘ಅಡಿಕೆ’ ಎನ್ನಲು ಎ, ಡಬ್ಲ್ಯೂ, ಐ, ಕೆ, ಇ ಎಂದು ಐದೇ ಕೀಲಿ. ‘ಯಲ್ಲಾಪುರ’ಕ್ಕೆ ಎಂಟು. ಕಾಗುಣಿತ ಬಲ್ಲ ಯಾರೇ ಆಗಲಿ ಒಂದು ವಾರದಲ್ಲಿ ಕಲಿಯಬಹುದು. ಕಾಗುಣಿತ ಬಾರದವನಿಗೆ ಮಾತ್ರ ಯಾವ ಕೀಲಿಮಣೆಯೂ ಕಷ್ಟವೇ. ಸರ್ಕಾರ ಒಪ್ಪಿದ ವಿನ್ಯಾಸಕ್ಕೆ ಇದೇ ಆಧಾರ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿಗಳಿಗೆ ಬಂದದ್ದು ಹೀಗೆ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ ಮನೆಮನೆಗೂ ತಲುಪಿತು.

ಆದರೆ ಒಂದು ತೊಡಕು ಉಳಿಯಿತು. ಆ ಕಾಲದ ತಂತ್ರಾಂಶಗಳಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಯಂತ್ರದ ಒಳಗೆ ಇರುತ್ತಿದ್ದುದು ಇಂಗ್ಲಿಷಿನ ಸಂಕೇತಗಳೇ. ಮೇಲೆ ಕನ್ನಡ ಅಕ್ಷರಗಳ ಅಂಗಿ ತೊಡಿಸಿದಂತೆ. ಸಿದ್ದಾಪುರದಲ್ಲಿ ಬರೆದ ಪತ್ರವನ್ನು ಆ ಫಾಂಟ್ ಇಲ್ಲದ ಕಾರವಾರದ ಯಂತ್ರದಲ್ಲಿ ತೆರೆದರೆ ಅಂಗಿ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಸದಸ್ಯರ ಯಾದಿಯನ್ನು ಎಕ್ಸೆಲ್ಲಿನಲ್ಲಿ ಅಕಾರಾದಿಯಾಗಿ ಜೋಡಿಸಲು ಹೋದರೆ ಇಂಗ್ಲಿಷ್ ಸಂಕೇತದ ಕ್ರಮದಲ್ಲಿ ಬಂದು ನಗೆಪಾಟಲಾಗುತ್ತಿತ್ತು. ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಮನೆಗಳಿವೆ. ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಎಂಬ ಯೂನಿಕೋಡ್ ಫಾಂಟ್ ಕೂಡ ಬಂತು. ಹಾಗಿದ್ದರೂ ಕಚೇರಿಗಳು ಹಳೆಯ ಅಂಗಿಯನ್ನು ಬಿಡಲು ಬಹಳ ವರ್ಷ ಹಿಡಿಯಿತು.

ಇಂತಹ ವಿವರಗಳು ಸಣ್ಣವೆನಿಸಬಹುದು. ಆದರೆ ರೈತನ ಜಮೀನು ಇವುಗಳ ಮೇಲೆ ನಿಂತಿದೆ ಎಂಬುದು ‘ಭೂಮಿ’ ಯೋಜನೆ ಬಂದಾಗ ಗೊತ್ತಾಯಿತು. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಗ್ರಾಮ ಲೆಕ್ಕಿಗನ ಮನೆಗೆ ಅಲೆಯುವುದು ತಪ್ಪಿದ್ದು ದೊಡ್ಡ ಉಪಕಾರವೇ. ಆದರೆ ಹೆಸರುಗಳನ್ನು ಏರಿಸುವಾಗ ಏನಾಯಿತು ಎಂಬುದನ್ನು ಈ ಮೂರು ತಾಲೂಕುಗಳ ರೈತರು ಚೆನ್ನಾಗಿ ಬಲ್ಲರು. ಇಲ್ಲಿ ಒಂದೇ ಊರಿನಲ್ಲಿ ನಾಲ್ಕು ಜನ ಗಣಪತಿ ಹೆಗಡೆಯವರಿರುತ್ತಾರೆ. ತಂದೆಯ ಹೆಸರು, ಮನೆಯ ಹೆಸರು ಸೇರಿದರೆ ಮಾತ್ರ ಗುರುತು. ‘ಹೆಗಡೆ’ ಒಂದು ಕಡೆ ‘ಹೆಗ್ಡೆ’ ಆಗಿ, ‘ಭಟ್ಟ’ ‘ಭಟ್’ ಆಗಿ, ತಂದೆಯ ಹೆಸರಿನ ಒಂದು ಅಕ್ಷರ ಬಿದ್ದುಹೋದರೆ ಮನುಷ್ಯನಿಗೆ ಗೊತ್ತಾಗುತ್ತದೆ, ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಅವರಿಬ್ಬರೂ ಬೇರೆ ಬೇರೆ ಮನುಷ್ಯರು. ಬೆಳೆಸಾಲ ಕೇಳಲು ಹೋದಾಗ ಪಹಣಿಯ ಹೆಸರು, ಪಾಸ್‌ಬುಕ್ಕಿನ ಹೆಸರು, ಈಚೆಗೆ ಆಧಾರ್ ಹೆಸರು ಒಂದಾಗದೆ ತಿದ್ದುಪಡಿ ಅರ್ಜಿ ಹಿಡಿದು ನಿಂತವರು ಎಷ್ಟೋ ಮಂದಿ. ಏರಿಸಿದವನ ಒಂದು ಕೀಲಿಯ ತಪ್ಪಿಗೆ ರೈತನ ಒಂದು ದಿನದ ಬಸ್ಸು, ಊಟ, ಕೂಲಿ ಖರ್ಚು.

ಸರ್ಕಾರಿ ನೌಕರರಿಗಂತೂ ಕಲಿಕೆ ಐಚ್ಛಿಕವಾಗಿ ಉಳಿಯಲಿಲ್ಲ. 2012ರ ಗಣಕಯಂತ್ರ ಸಾಕ್ಷರತಾ ಪರೀಕ್ಷೆಯ ನಿಯಮಗಳು ಬಡ್ತಿ, ವೇತನ ಬಡ್ತಿಗಳನ್ನು ಪರೀಕ್ಷೆಗೆ ಕಟ್ಟಿಹಾಕಿದವು. ನಲವತ್ತೈದು ದಾಟಿದ ಪ್ರಥಮ ದರ್ಜೆ ಸಹಾಯಕರು ಸಂಜೆಯ ಹೊತ್ತು ಮಗಳ ಪ್ರಾಯದ ಹುಡುಗಿಯಿಂದ ಪಾಠ ಹೇಳಿಸಿಕೊಳ್ಳುವ ದೃಶ್ಯ ಆಗ ಸಾಮಾನ್ಯವಾಗಿತ್ತು. ‘ಹೆಗಡೇರೆ, ಸೇವ್ ಮಾಡಿದ್ರಾ?’ ಎಂದು ಅವಳು ಕೇಳುವ ಹೊತ್ತಿಗೇ ಕರೆಂಟು ಹೋಗುವುದೂ ಅಷ್ಟೇ ಸಾಮಾನ್ಯ. ಕಾಳಿ, ಶರಾವತಿಗಳ ವಿದ್ಯುತ್ತು, ಕೈಗಾದ ಅಣುವಿದ್ಯುತ್ತು ಎಲ್ಲ ಹುಟ್ಟುವ ಜಿಲ್ಲೆಯಿದು. ಆದರೂ ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಹಳ್ಳಿಯ ಸಂಘ ಎರಡು ದಿನ ಕತ್ತಲು. ಸಿಡಿಲಿಗೆ ಮೋಡೆಮ್ ಸುಟ್ಟರೆ ಇನ್ನೂ ಕೆಲವು ದಿನ. ಐದು ನಿಮಿಷಕ್ಕೊಮ್ಮೆ ಉಳಿಸುವುದು, ಸಂಜೆ ಇನ್ನೊಂದು ಪ್ರತಿ ತೆಗೆದು ಬೇರೆ ಕಡೆ ಇಡುವುದು ಎಂಬ ಎರಡು ಪಾಠಗಳು ಈ ಸೀಮೆಯಲ್ಲಿ ಮೊದಲ ದಿನವೇ ಆಗಬೇಕಾದವು. ಮೂರು ತಿಂಗಳ ಕೋರ್ಸುಗಳಲ್ಲಿ ಅವು ಕೊನೆಯ ವಾರಕ್ಕೆ ಬರುತ್ತವೆ, ಇಲ್ಲವೇ ಬರುವುದೇ ಇಲ್ಲ.

2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಬಗೆಯ ತಂತ್ರಾಂಶಕ್ಕೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳೆಯ ಬಾಕಿಗಳನ್ನು ಪುಸ್ತಕದಿಂದ ಯಂತ್ರಕ್ಕೆ ಏರಿಸುವುದು ಇದರಲ್ಲಿ ಎಲ್ಲಕ್ಕಿಂತ ನಾಜೂಕಿನ ಕೆಲಸ. ಕೆಂಪು ಬಟ್ಟೆಯ ಕಟ್ಟು ಬಿಚ್ಚಿ, ಇಪ್ಪತ್ತು ವರ್ಷದ ಹಿಂದಿನ ಕೈಬರಹ ಓದಿ, ಇದು ಯಾವ ಮನೆಯ ಗಣಪತಿ ಹೆಗಡೆ ಎಂದು ಹೇಳಬಲ್ಲವರು ಬೇಕು. ಅದಕ್ಕಾಗಿ ನಿವೃತ್ತ ಗುಮಾಸ್ತರನ್ನು ಮನೆಯಿಂದ ಕರೆಸಿ, ಕಂಪ್ಯೂಟರಿನ ಮುಂದಿನ ಹುಡುಗಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಬೇಕಾಗುತ್ತದೆ.