ಮೆಟ್ರೊಕಾರ್ಡಿಗೂ ಪದವಿಗೂ ಏನು ನಂಟು?

ಕಾಲೇಜಿನಲ್ಲಿ ಸೋಲುತ್ತಿರುವ ವಿದ್ಯಾರ್ಥಿ ಮೊದಲು ಮಾಡುವುದು ಮುಖ ತಪ್ಪಿಸುವುದು. ನೆರವು ಯಾರಿಗೆ ಹೆಚ್ಚು ಬೇಕೋ ಅವರೇ ಬಂದು ಕೇಳುವುದಿಲ್ಲ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ತನ್ನ ಸಮುದಾಯ ಕಾಲೇಜುಗಳಲ್ಲಿ 2007ರಲ್ಲಿ ಆರಂಭಿಸಿದ ‘ಎಸ್ಯಾಪ್’ ಯೋಜನೆಯ ಶಕ್ತಿಯಿರುವುದು ಈ ಸತ್ಯವನ್ನು ಗಂಭೀರವಾಗಿ ತೆಗೆದುಕೊಂಡದ್ದರಲ್ಲಿ. ಅದು ಕೊಡುವುದೆಲ್ಲ ಮೇಲ್ನೋಟಕ್ಕೆ ಸಾಮಾನ್ಯವೇ: ವಿದ್ಯಾರ್ಥಿವೇತನ ಸಾಲದೆ ಉಳಿದ ಶುಲ್ಕ, ಪಠ್ಯಪುಸ್ತಕಕ್ಕೆ ನೆರವು, ಹಿಂದುಳಿದ ವಿಷಯಕ್ಕೆ ಟ್ಯೂಷನ್, ಬಸ್ಸು–ರೈಲಿಗೆ ಪ್ರಯಾಣದ ಕಾರ್ಡು (ಇತ್ತೀಚಿನವರೆಗೆ ಅದು ಮೆಟ್ರೊಕಾರ್ಡ್). ಜತೆಗೆ ಪ್ರತಿಯೊಬ್ಬರಿಗೂ ಒಬ್ಬ ಸಲಹೆಗಾರರು. ಅವರಿಗೆ ಅದೇ ಪೂರ್ಣಾವಧಿ ಕೆಲಸ, ಅವರ ಪಾಲಿಗೆ ಬರುವ ವಿದ್ಯಾರ್ಥಿಗಳೂ ಮಿತ. ತಿಂಗಳ ಕಾರ್ಡು ಸಿಗಬೇಕಾದರೆ ಅವರನ್ನು ಕಂಡು ಮಾತಾಡಿರಬೇಕು. ಹೀಗೆ ಕಾರ್ಡಿಗೆಂದು ಬಂದ ಹುಡುಗ ಗಣಿತದಲ್ಲಿ ಎಡವುತ್ತಿರುವುದು, ಮನೆ ಬಾಡಿಗೆ ಬಾಕಿಯಿರುವುದು, ಮುಂದಿನ ಸೆಮಿಸ್ಟರಿನ ನೋಂದಣಿ ಮರೆತಿರುವುದು ಒಬ್ಬರ ಕಣ್ಣಿಗಾದರೂ ಸಕಾಲದಲ್ಲಿ ಬೀಳುತ್ತದೆ. ಓದು ನಿಲ್ಲಿಸುವುದು ಹಲವು ಸಲ ಒಂದು ದೊಡ್ಡ ಕಾರಣಕ್ಕಲ್ಲ, ಇಂಥ ಸಣ್ಣ ತೊಡಕುಗಳು ಒಟ್ಟೊಟ್ಟಿಗೆ ಬಂದಾಗ.

ಮೊದಲೇ ಛಲವಿದ್ದವರು ಸೇರಿಕೊಂಡರು, ಗೆದ್ದರು, ಯೋಜನೆಗೇಕೆ ಶ್ರೇಯ ಎಂದು ಕೇಳಬಹುದು. ಆ ಅನುಮಾನ ನ್ಯಾಯವಾದದ್ದೇ. ಅದಕ್ಕೆಂದೇ ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಮೂರು ಕಾಲೇಜುಗಳ 896 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಎಲ್ಲರೂ ಕಡಿಮೆ ಆದಾಯದ ಮನೆಯವರು, ಪೂರಕ ಪಾಠ ಬೇಕಿದ್ದವರು. ಎರಡು ವರ್ಷದ ಪದವಿಯನ್ನು ಮೂರು ವರ್ಷದೊಳಗೆ ಮುಗಿಸಿದವರು ಎಸ್ಯಾಪ್ ಗುಂಪಿನಲ್ಲಿ ಶೇ 40, ಇನ್ನೊಂದರಲ್ಲಿ ಶೇ 22. ಓಹಿಯೊ ರಾಜ್ಯದ ಮೂರು ಕಾಲೇಜುಗಳು ಇದೇ ಮಾದರಿ ಅನುಸರಿಸಿದಾಗಲೂ ಪ್ರಮಾಣ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಖರ್ಚು ಜಾಸ್ತಿ, ನಿಜ. ನ್ಯೂಯಾರ್ಕಿನಲ್ಲಿ ತಲೆಗೆ ಸುಮಾರು ಶೇ 60ರಷ್ಟು ಹೆಚ್ಚು. ಆದರೆ ಪದವಿ ಪಡೆದವರ ಲೆಕ್ಕದಲ್ಲಿ ಭಾಗಿಸಿದರೆ ಒಂದೊಂದು ಪದವಿಯ ವೆಚ್ಚ ಶೇ 11ರಷ್ಟು ಕಡಿಮೆಯೇ ಆಗಿತ್ತು. ಅರ್ಧದಲ್ಲಿ ಬಿಟ್ಟುಹೋದವರ ಮೇಲೆ ಸುರಿದ ಹಣವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲವಲ್ಲ! ಬೆಳೆದ ಮಕ್ಕಳಿಗೆ ತುತ್ತು ತಿನ್ನಿಸಿದಂತೆ ಎಂಬ ಆಕ್ಷೇಪ ಮಾತ್ರ ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಪರೀಕ್ಷೆಯ ಮಟ್ಟ ಇಳಿಸಿಲ್ಲ. ಪೂರ್ಣಾವಧಿ ಓದಬೇಕು, ಕಷ್ಟದ ಪೂರಕ ಪಾಠಗಳನ್ನು ಬೇಗನೆ ಮುಗಿಸಿಕೊಳ್ಳಬೇಕು. ದುಡಿಯಲೇಬೇಕಾದವರನ್ನು, ಮಕ್ಕಳಿರುವ ತಾಯಂದಿರನ್ನು ಈ ಪೂರ್ಣಾವಧಿ ನಿಯಮ ಹೊರಗಿಡಬಹುದು. ಅದು ಯೋಜನೆಯ ನಿಜವಾದ ಕೊರತೆ.

ಕರ್ನಾಟಕಕ್ಕೆ ನೆರವು ಹೊಸದಲ್ಲ. ವಾರಾನ್ನದಿಂದ ಸಿದ್ಧಗಂಗೆಯ ಉಚಿತ ಪ್ರಸಾದನಿಲಯದವರೆಗೆ ಅನ್ನ ಕೊಟ್ಟು ಓದಿಸಿದ ನಾಡಿದು. ಈಗ ವಿದ್ಯಾರ್ಥಿವೇತನ, ಹಾಸ್ಟೆಲು, ಬಸ್ ಪಾಸು ಎಲ್ಲವೂ ಇವೆ. ಆದರೆ ಬೇರೆಬೇರೆ ಇಲಾಖೆಗಳಲ್ಲಿ, ಅರ್ಜಿ ಹಾಕಿದವರಿಗೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ ಕೇಳುವ ಮಾರ್ಗದರ್ಶನದ ಹೊಣೆ ಪಾಠ ಮಾಡುವ ಅಧ್ಯಾಪಕರ ಮೇಲೆಯೇ ಬೀಳುತ್ತದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕೆಲವನ್ನಾದರೂ ಆರಿಸಿ, ಪಾಠದ ಹೊರೆಯಿಲ್ಲದ ಸಲಹೆಗಾರರನ್ನು ನೇಮಿಸಿ, ಈ ಸೌಲಭ್ಯಗಳನ್ನೆಲ್ಲ ಅವರ ಮೇಜಿನ ಮೂಲಕವೇ ತಲುಪಿಸಿ ನೋಡಬೇಕು. ಫಲವನ್ನು ಅಳೆಯಬೇಕಾದದ್ದು ಪ್ರವೇಶದ ಸಂಖ್ಯೆಯಿಂದಲ್ಲ, ಮೊದಲ ಸೆಮಿಸ್ಟರಿನಲ್ಲಿ ಫೇಲಾದವರಲ್ಲಿ ಎಷ್ಟು ಮಂದಿ ಕೊನೆಯ ಪರೀಕ್ಷೆಗೆ ಕೂತರು ಎಂಬುದರಿಂದ.