ನಡುಗಡ್ಡೆ ಯಾರದು?

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಜಲಾಶಯದಲ್ಲಿ ತುಸು ತಂಗಿ, ರಾಮನಗರ ಕನಕಪುರಗಳನ್ನು ಹಾದು ಬರುವ ಅರ್ಕಾವತಿ, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಚನ್ನಪಟ್ಟಣದ ಕಣ್ವಾ ನದಿಯ ನೀರೂ ಶಿಂಷೆಯ ಮೂಲಕ ಅದೇ ಕಾವೇರಿಗೆ ಸಲ್ಲುತ್ತದೆ. ನಾನು ಹುಡುಗನಾಗಿದ್ದಾಗ, ಸಂಗಮದಲ್ಲಿ ಮಿಂದು ಮೇಲೆ ಬಂದ ನಮ್ಮಜ್ಜ ಆಚೆಯ ದಡದ ಕಾಡನ್ನು ತೋರಿಸಿ, “ಅದು ಕೊಯಮತ್ತೂರು ಸೀಮೆ ಕಣಪ್ಪ” ಎಂದರು. ನನ್ನ ಶಾಲೆಯ ಭೂಪಟದಲ್ಲಿ ಅದು ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು. ಅಜ್ಜನಿಗೆ ಮರೆವು ಬಂದಿದೆ ಎಂದುಕೊಂಡೆ. ಆ ಮಾತಿನ ಬೆಲೆ ತಿಳಿದದ್ದು ಎಷ್ಟೋ ವರ್ಷಗಳ ತರುವಾಯ, ಹೊಗೆನಕಲ್ಲಿನ ನಡುಗಡ್ಡೆಯ ವ್ಯಾಜ್ಯ ಕಿವಿಗೆ ಬಿದ್ದಾಗ.

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ ಬಾರಾಮಹಲ್ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅದು ಮುಂದೆ ಸೇಲಂ ಜಿಲ್ಲೆಗೆ ಸೇರಿತು. 1799ರಲ್ಲಿ ಅವನು ಮಡಿದ ಮೇಲೆ ಕೊಯಮತ್ತೂರು ಸೀಮೆಯೂ, ಅದರೊಡನೆ ಕೊಳ್ಳೇಗಾಲವೂ ಕಂಪನಿಯ ಪಾಲಾದವು. ಹೀಗಾಗಿ ಸಂಗಮದಲ್ಲಿ ಎಡದಂಡೆ ಮೈಸೂರು ಸಂಸ್ಥಾನದ್ದು, ಬಲದಂಡೆ ಮದರಾಸಿನದು. ಇನ್ನೂ ಕೆಳಗೆ, ಹೊಗೆನಕಲ್ಲಿನಲ್ಲಿ, ಎರಡು ದಂಡೆಗಳೂ ಮದರಾಸಿನವೇ: ಬಲಕ್ಕೆ ಕೊಯಮತ್ತೂರು ಜಿಲ್ಲೆ, ಎಡಕ್ಕೆ ಸೇಲಂ ಜಿಲ್ಲೆ. ನಡುವಿನ ಗೆರೆ ಕಂದಾಯದ ಅನುಕೂಲಕ್ಕೆ ಬೇಕಾದದ್ದು. ಒಂದು ಬಂಡೆ ಆ ಜಿಲ್ಲೆಯದಾದರೇನು, ಈ ಜಿಲ್ಲೆಯದಾದರೇನು, ದೊರೆತನ ಒಂದೇ ಆಗಿತ್ತು.

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಆ ಒಂದು ದಿನ ಕಾವೇರಿಯ ಮೇಲೆ ಎರಡು ಕೆಲಸಗಳು ನಡೆದವು. ಸಂಗಮದಲ್ಲಿ ರಾಜ್ಯದ ಗಡಿ ಅಳಿಸಿಹೋಯಿತು. ಹೊಗೆನಕಲ್ಲಿನಲ್ಲಿ ಜಿಲ್ಲೆಯ ಗೆರೆಯೇ ರಾಜ್ಯದ ಗಡಿಯಾಯಿತು. ಮೇಕೆದಾಟನ್ನು ದಾಟಿದ ಮೇಲೆ ನದಿ ಸುಮಾರು 64 ಕಿಲೋಮೀಟರು ದೂರ ಎರಡು ರಾಜ್ಯಗಳ ಎಲ್ಲೆಯಾಗಿಯೇ ಹರಿಯುತ್ತದೆ. ಇಂದು ಅದರ ಬಲಕ್ಕೆ ಚಾಮರಾಜನಗರ ಜಿಲ್ಲೆ. ಹೊಗೆನಕಲ್ಲಿನ ಎಡಕ್ಕೆ ಧರ್ಮಪುರಿ ಜಿಲ್ಲೆ.

ನದಿಯೇ ಗಡಿ ಎಂದಮೇಲೆ ಜಗಳವೇಕೆ ಎಂದು ತಾವು ಕೇಳಬಹುದು. ನದಿಗೆ ಅಗಲವಿದೆ, ಗಡಿಗೆ ಅಗಲವಿಲ್ಲ. ತೊಡಕು ಇರುವುದು ಇಲ್ಲಿಯೇ. ಹೊಗೆನಕಲ್ಲಿನಲ್ಲಿ ಕಾವೇರಿ ಒಂದಾಗಿ ಹರಿಯುವುದಿಲ್ಲ. ಬಂಡೆಗಳ ನಡುವೆ ಹಲವು ಕವಲಾಗಿ ಸೀಳಿ ಧುಮುಕುತ್ತಾಳೆ. ಬೇಸಗೆಯಲ್ಲಿ ತಲೆಯೆತ್ತುವ ನೆಲ ಮಳೆಗಾಲದಲ್ಲಿ ಮುಳುಗುತ್ತದೆ. ಗೆರೆ ಯಾವ ಕವಲಿನಲ್ಲಿದೆ ಎಂಬುದರ ಮೇಲೆ ನಡುಗಡ್ಡೆ ಯಾರದೆಂಬುದು ನಿಲ್ಲುತ್ತದೆ.

ಇಂಥದೇ ವ್ಯಾಜ್ಯವೊಂದು ಆಫ್ರಿಕದಲ್ಲಿ ನಡೆಯಿತು. ಚೋಬೆ ನದಿಯ ನಡುವೆ ಕಸಿಕಿಲಿ ಎಂಬ ದ್ವೀಪ. ವಿಸ್ತಾರ ಮೂರೂವರೆ ಚದರ ಕಿಲೋಮೀಟರು, ವರ್ಷದಲ್ಲಿ ಕೆಲವು ತಿಂಗಳು ನೀರಿನಡಿ. ಬೋಟ್ಸ್ವಾನಾ, ನಮೀಬಿಯಾ ಎರಡೂ ತಮ್ಮದೆಂದವು. 1890ರಲ್ಲಿ ಇಂಗ್ಲೆಂಡು ಜರ್ಮನಿಗಳು ಮಾಡಿಕೊಂಡ ಒಪ್ಪಂದದಲ್ಲಿ ಗಡಿ ನದಿಯ ಮುಖ್ಯ ಕಾಲುವೆಯಲ್ಲಿದೆ ಎಂದಿತ್ತು; ಯಾವುದು ಮುಖ್ಯವೆಂದು ಹೇಳಿರಲಿಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯ 1999ರಲ್ಲಿ ಆಳ, ಅಗಲ, ಹರಿವುಗಳನ್ನು ತೂಗಿ ನೋಡಿ, ಉತ್ತರದ ಕವಲಿನ ಅತ್ಯಂತ ಆಳದ ಗೆರೆಯೇ ಗಡಿಯೆಂದು ತೀರ್ಮಾನಿಸಿತು. ದ್ವೀಪ ಬೋಟ್ಸ್ವಾನಾಕ್ಕೆ ಸಂದಿತು. ಆದರೆ ಎರಡು ಕವಲುಗಳಲ್ಲಿಯೂ ಎರಡು ದೇಶದವರ ದೋಣಿಗಳಿಗೆ ಸಮಾನ ಉಪಚಾರವಿರಬೇಕೆಂದೂ ಆ ತೀರ್ಪು ಹೇಳಿತು.

ನಮ್ಮಲ್ಲಿ ವಿವಾದ ಕಾವೇರಿದ್ದು 2008ರಲ್ಲಿ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದು ಹಲ್ಲನ್ನೂ ಎಲುಬನ್ನೂ ಕೆಡಿಸುತ್ತದೆ. ಅಲ್ಲಿಗೆ ಹೊಗೆನಕಲ್ಲಿನಿಂದ ಕುಡಿಯುವ ನೀರು ಒಯ್ಯುವ ಯೋಜನೆಗೆ ಆ ವರ್ಷದ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಕರುಣಾನಿಧಿ ಶಂಕುಸ್ಥಾಪನೆ ಮಾಡಿದರು. ನಡುಗಡ್ಡೆ ನಮ್ಮದು, ಜಂಟಿ ಸರ್ವೆ ಆಗದೆ ಕಾಮಗಾರಿ ಕೂಡದು ಎಂದು ಕರ್ನಾಟಕದಲ್ಲಿ ಕೂಗೆದ್ದಿತು. ಮಾರ್ಚಿಯಲ್ಲಿ ಯಡಿಯೂರಪ್ಪನವರು ಸ್ಥಳಕ್ಕೆ ಹೋಗಿ ಪ್ರತಿಭಟಿಸಿದರು. ಕೆಲಸ ನಮ್ಮ ನೆಲದಲ್ಲಿ, ನೀರು ನಮ್ಮ ಪಾಲಿನದು ಎಂದಿತು ತಮಿಳುನಾಡು. ಕರ್ನಾಟಕದ ಚುನಾವಣೆ ಮುಗಿಯುವವರೆಗೆ ಯೋಜನೆಯನ್ನು ತಡೆಹಿಡಿಯುವುದಾಗಿ ಏಪ್ರಿಲ್‌ನಲ್ಲಿ ಕರುಣಾನಿಧಿ ಸಾರಿದರು. ಮುಂದೆ ಅದು ಪೂರ್ಣಗೊಂಡು 2013ರಲ್ಲಿ ಉದ್ಘಾಟನೆಯಾಯಿತು.

ಇಲ್ಲಿ ಬಿಡಿಸಿ ನೋಡಬೇಕಾದ ಎಳೆಗಳು ಎರಡು. ನೆಲದ ಪ್ರಶ್ನೆಯೇ ಬೇರೆ, ನೀರಿನ ಪ್ರಶ್ನೆಯೇ ಬೇರೆ. ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ ಸಂವಿಧಾನದ 3ನೆಯ ವಿಧಿಯಂತೆ ಸಂಸತ್ತಿನದು. ಹಕ್ಕಿನ ವ್ಯಾಜ್ಯವನ್ನು 131ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ಯಬಹುದು. ನೀರಿನ ಹಂಚಿಕೆಗೆ ನ್ಯಾಯಮಂಡಳಿಯ ದಾರಿ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಅಂತಿಮ ತೀರ್ಪಿತ್ತಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ಹೆಚ್ಚಿಸಿತು. ನಡುಗಡ್ಡೆ ನಮಗೆ ಸೇರಿದ ಮಾತ್ರಕ್ಕೆ ನಮ್ಮ ನೀರು ಒಂದು ಕೊಡವೂ ಹೆಚ್ಚುವುದಿಲ್ಲ.

ಹೊಗೆನಕಲ್ ಎಂಬುದು ಕನ್ನಡದ ಹೆಸರು, ಆದ್ದರಿಂದ ಆ ಸ್ಥಳ ನಮ್ಮದು ಎನ್ನುವವರುಂಟು. ಹೊಗೆಯಂತೆ ಹನಿ ಚಿಮ್ಮುವ ಕಲ್ಲು ಎಂಬ ಆ ಹೆಸರು ನನ್ನ ಕಿವಿಗೂ ಇಂಪು. ಆದರೆ ಹೆಸರು ಅಲ್ಲಿ ಯಾವ ನುಡಿಯವರು ಬಾಳಿದರು ಎಂಬುದಕ್ಕೆ ಸಾಕ್ಷಿಯೇ ಹೊರತು ಎಲ್ಲೆ ಎಲ್ಲಿದೆ ಎಂಬುದಕ್ಕಲ್ಲ. ಎಲ್ಲೆಯನ್ನು ಹೇಳಬೇಕಾದದ್ದು ಹಳೆಯ ಸರ್ವೆಯ ನಕ್ಷೆ, ಅಳತೆಯ ಸರಪಳಿ. ಅದಕ್ಕಾಗಿ ಎರಡು ಕಡೆಯ ಅಧಿಕಾರಿಗಳೂ ಒಂದೇ ಬಂಡೆಯ ಮೇಲೆ ನಿಲ್ಲಬೇಕು. ಜಂಟಿ ಸರ್ವೆ ಬೇಕೆಂಬ ನಮ್ಮ ಮಾತು ನ್ಯಾಯವಾದದ್ದೇ. ಧರ್ಮಪುರಿಯ ಮಗುವಿಗೆ ಒಳ್ಳೆಯ ನೀರು ಬೇಕೆಂಬುದೂ ಅಷ್ಟೇ ನ್ಯಾಯ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿಯ ಮೂಲಕ ಬೆಂಗಳೂರಿಗೆ ಕಾವೇರಿಯ ಕೊಳವೆ ಹಾದುಹೋಗುವ ಸೀಮೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಗೆನಕಲ್ಲಿನಲ್ಲಿ ‘ನಮ್ಮನ್ನು ಕೇಳದೆ ಕಟ್ಟಬೇಡಿ’ ಎಂದೆವು. ಮೇಕೆದಾಟಿನ ವಿಷಯದಲ್ಲಿ ಅವರೂ ಅದನ್ನೇ ಹೇಳುತ್ತಾರೆ. ಒಂದೇ ವಾದ ದಡ ಬದಲಿಸಿದಾಗ ನಮಗೆ ಬೇರೆಯಾಗಿ ಕೇಳಿಸುತ್ತದೆ.

ಹೊಗೆನಕಲ್ಲಿನ ಎರಡು ದಡಗಳಲ್ಲಿಯೂ ಹರಿಗೋಲು ಹಾಕುವವರಿದ್ದಾರೆ. ಅವರ ಹುಟ್ಟಿಗೆ ಸೆಳವು ಎಲ್ಲಿದೆ, ಕಲ್ಲು ಎಲ್ಲಿದೆ ಎಂಬುದು ಗೊತ್ತು. ಗೆರೆ ಎಲ್ಲಿದೆ ಎಂಬುದು ಗೊತ್ತಿಲ್ಲ. ಗೆರೆಯನ್ನು ಎಳೆದವರು ಹೋದರು, ನಮ್ಮಜ್ಜನೂ ಹೋದರು. ಸಂಗಮದಲ್ಲಿ ಅಳಿಸಿದ ಗಡಿಯನ್ನು ಇಂದು ಯಾರೂ ನೆನೆಯುವುದಿಲ್ಲ. ಹೊಗೆನಕಲ್ಲಿನ ಗಡಿಯನ್ನು ಅಳಿಸಬೇಕಾಗಿಲ್ಲ. ಸಮಾಧಾನದಿಂದ ಅಳೆದರೆ ಸಾಕು.

(ಬಾನುಲಿ ಭಾಷಣ)