ಹಾಲು 'ಆಲು' ಆದರೆ ಅಂಕ ಎಷ್ಟು ಕಟ್?

ಮಂಡ್ಯ: 'ಕೈ ಕೆಸರಾದರೆ ಬಾಯಿ ಮೊಸರು.' ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಅಂತ ಹತ್ತನೇ ಕ್ಲಾಸಿನ ಮಕ್ಕಳನ್ನು ಕೇಳಿ ನೋಡಿ. ಹೆಚ್ಚಿನವರು ಶುರು ಮಾಡುವ ರೀತಿ ಒಂದೇ. ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆಗಳು ನಮ್ಮ ಹಿರಿಯರ ಅನುಭವದ ನುಡಿಮುತ್ತುಗಳು. ಮಳವಳ್ಳಿಯ ಹುಡುಗ ಬರೆಯುವುದೂ ಇದನ್ನೇ, ನಾಗಮಂಗಲದ ಹುಡುಗಿ ಬರೆಯುವುದೂ ಇದನ್ನೇ. ಗಾದೆ ಯಾವುದೇ ಇರಲಿ, ಈ ಮೂರು ಸಾಲು ಕದಲುವುದಿಲ್ಲ. ಊರಿನ ಎಲ್ಲಾ ಬೀಗಕ್ಕೂ ಒಂದೇ ಬೀಗದ ಕೈ!

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಹೀಗೆ ಬರೆದರೆ ಅಂಕ ಗ್ಯಾರಂಟಿ ಅಂತ ಹೇಳಿಕೊಟ್ಟವರು ದೊಡ್ಡವರೇ. ಗೈಡಿನಲ್ಲಿ ಅದೇ ಇದೆ, ಟ್ಯೂಷನ್ನಿನಲ್ಲಿ ಅದೇ ಹೇಳುತ್ತಾರೆ, ಫೇಲಾಗುವ ಭಯವಿರುವ ಮಕ್ಕಳಿಗೆಂದು ತಯಾರಾಗುವ 'ಪಾಸಿಂಗ್ ಪ್ಯಾಕೇಜ್'ನಲ್ಲೂ ಅದೇ.

ಈಗ ಬೇರೆ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಮದ್ದೂರು ತಾಲ್ಲೂಕಿನ ಯಾವುದೋ ಒಂದು ಹಳ್ಳಿಯವನು. ಗೈಡು ಕೊಂಡಿಲ್ಲ, ಇಲ್ಲವೇ ಕೊಂಡರೂ ಬಾಯಿಪಾಠ ಹತ್ತಿಲ್ಲ. ಅವನು ಅದೇ ಗಾದೆಗೆ ಹೀಗೆ ಬರೆದ ಎನ್ನಿ:

'ನಮ್ಮಪ್ಪನ ಕೈ ವರ್ಸವೆಲ್ಲ ಕೆಸ್ರಲ್ಲೇ ಇರುತ್ತೆ. ನಮ್ಮವ್ವ ಬೆಳಿಗ್ಗೆ ಎದ್ದು ಆಲು ಕರ್ದು ಡೈರಿಗೆ ಆಕಿ ಬರ್ತಾಳೆ. ಮೊಸ್ರು ಮಾಡಕ್ಕೆ ಮನೇಲಿ ಆಲು ಉಳಿಯಲ್ಲ. ಕೆಸ್ರು ಆದೋರ ಬಾಯಿಗೆ ಮೊಸ್ರು ಬರ್ಬೇಕು ಅಂದ್ರೆ ಮೊದ್ಲು ಆಲಿಗೆ ರೇಟು ಬರ್ಬೇಕು.'

ನಾಲ್ಕೇ ವಾಕ್ಯ. ಆದರೆ ಗಾದೆಯನ್ನು ತನ್ನ ಮನೆ ಅಂಗಳಕ್ಕೆ ತಂದು ನಿಲ್ಲಿಸಿ, ನೀನು ಹೇಳೋದು ನಮ್ಮನೇಲಿ ಯಾಕೆ ನಡೀತಿಲ್ಲ ಅಂತ ಕೇಳಿದ್ದಾನೆ. ವಿಸ್ತರಣೆ ಅಂದರೆ ಇದಲ್ಲದೆ ಮತ್ತೇನು ಸ್ವಾಮಿ? ಆದರೆ ಕೆಂಪು ಪೆನ್ನು ಹಿಡಿದು ಕೂತವರ ಕಣ್ಣಿಗೆ ಮೊದಲು ಬೀಳುವುದು 'ವರ್ಸ'. ಆಮೇಲೆ 'ಆಲು'. ಆಮೇಲೆ 'ಆಕಿ'. ಮತ್ತೆ 'ಆಲು'. ಪೀಠಿಕೆ ಎಲ್ಲಿ? ಇಲ್ಲ. ಹಿರಿಯರ ನುಡಿಮುತ್ತು? ಅದೂ ಇಲ್ಲ. ನುಡಿಮುತ್ತು ಉರು ಹೊಡೆದವನಿಗೆ ಅಂಕ ತುಂಬಿ ಬಂದರೆ, ಈ ಹುಡುಗನಿಗೆ ಒಂದು ಅಂಕ ಸಿಕ್ಕಿದರೆ ಅವನ ಪುಣ್ಯ.

ಪ್ರಶ್ನೆ ಇರುವುದು ಇಲ್ಲೇ. ಎಸ್ಸೆಸ್ಸೆಲ್ಸಿ ಕನ್ನಡ ಪೇಪರಿನಲ್ಲಿ ನಾವು ಅಳೆಯುತ್ತಿರುವುದು ಬರವಣಿಗೆಯನ್ನೋ, ಬಾಯಿಪಾಠವನ್ನೋ?

ತೂಕದ ಲೆಕ್ಕ

ಲೆಕ್ಕ ಗೊತ್ತಿಲ್ಲದ ತಂದೆ ತಾಯಿಗಳಿಗಾಗಿ ಒಂದು ಮಾತು. ಎಸ್ಸೆಸ್ಸೆಲ್ಸಿಗೆ ಒಟ್ಟು ಅಂಕ 625. ಅದರಲ್ಲಿ ಪ್ರಥಮ ಭಾಷೆಗೇ 125, ಮಿಕ್ಕ ಐದು ವಿಷಯಕ್ಕೆ ತಲಾ 100. ಪ್ರಥಮ ಭಾಷೆಯ 125ರಲ್ಲಿ 100 ಅಂಕ ಬರೆಯುವ ಪರೀಕ್ಷೆಗೆ, 25 ಅಂಕ ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಅಂದರೆ ಸರ್ಕಾರವೇ ಕನ್ನಡದ ತಕ್ಕಡಿಗೆ ಹೆಚ್ಚಿನ ಬೊಟ್ಟು ಇಟ್ಟಿದೆ. ಆದರೆ ಮಗು ತನ್ನ ಸ್ವಂತ ತಲೆಯಿಂದ ನಾಲ್ಕು ಸಾಲು ಬರೆಯಲು ಜಾಗ ಇರುವುದು ಗಾದೆ, ಪತ್ರ, ಪ್ರಬಂಧ ಇಷ್ಟರಲ್ಲೇ. ಉಳಿದದ್ದೆಲ್ಲ ಪಾಠದ ಪ್ರಶ್ನೋತ್ತರ, ಕವಿ ಪರಿಚಯ, ಸಂದರ್ಭ, ಸ್ವಾರಸ್ಯ, ಪದ್ಯ ಪೂರ್ಣ ಮಾಡುವುದು, ಅಲಂಕಾರ, ಪ್ರಸ್ತಾರ, ವ್ಯಾಕರಣ.

ಆ ಇಷ್ಟು ಜಾಗವನ್ನೂ ಅಚ್ಚಿನಲ್ಲಿ ಒತ್ತಿ ಇಟ್ಟಿದ್ದೇವೆ. ಪ್ರಬಂಧ ಅಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಮೂರು ತಲೆಬರಹ ಬರೆದು ಕೆಳಗೆ ಗೆರೆ ಎಳೆಯಬೇಕು. ಗೆರೆ ಎಳೆದರೆ ಅರ್ಧ ಗೆದ್ದಂತೆ! ವಿಷಯವೂ ಎಲ್ಲರಿಗೂ ಮೊದಲೇ ಗೊತ್ತು: ಗ್ರಂಥಾಲಯದ ಮಹತ್ವ, ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬ, ಸಾಮಾಜಿಕ ಪಿಡುಗು. ಊರಲ್ಲಿ ಗ್ರಂಥಾಲಯದ ಬಾಗಿಲು ತೆಗೆದದ್ದನ್ನೇ ನೋಡದ ಮಗು ಗ್ರಂಥಾಲಯವೆಂಬುದು ಜ್ಞಾನದ ಭಂಡಾರ ಅಂತ ಬರೆದು ಅಂಕ ಗಿಟ್ಟಿಸುತ್ತೆ. ಬಾಗಿಲು ಹಾಕಿದೆ ಅಂತ ನಿಜ ಬರೆದರೆ ಎಷ್ಟು ಕೊಡಬೇಕು ಅಂತ ಯಾವ ಮಾದರಿ ಉತ್ತರದಲ್ಲೂ ಹೇಳಿರುವುದಿಲ್ಲ.

ಪತ್ರದ ಕಥೆ ಇನ್ನೂ ಸ್ವಾರಸ್ಯ. 'ಇಂದ' ಸರಿಯಾಗಿರಬೇಕು, 'ಗೆ' ಸರಿಯಾಗಿರಬೇಕು, ಮಾನ್ಯರೇ, ವಿಷಯ, ಇತಿ ತಮ್ಮ ವಿಶ್ವಾಸಿ, ಸ್ಥಳ, ದಿನಾಂಕ. ಇವೆಲ್ಲ ಬೇಕು, ಬೇಡ ಅಂದವರಾರು? ಕಚೇರಿಗೆ ಅರ್ಜಿ ಬರೆಯಲು ಬಾರದೆ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುವವರಿಗೆ ದುಡ್ಡು ಕೊಟ್ಟು ಬರೆಸುವ ಜನ ಇನ್ನೂ ಇದ್ದಾರೆ. ಆದರೆ ನಡುವಿನ ಒಡಲು? ನಮ್ಮೂರಿಗೆ ನೀರಿನ ಸೌಲಭ್ಯ ಕಲ್ಪಿಸಬೇಕೆಂದು ಈ ಮೂಲಕ ಕೋರುತ್ತೇನೆ, ಅಲ್ಲಿಗೆ ಮುಗಿಯಿತು. ಯಾವ ಬೀದಿ, ಯಾವ ನಲ್ಲಿ, ಎಷ್ಟು ದಿನದಿಂದ ನೀರಿಲ್ಲ, ಹೆಂಗಸರು ಎಲ್ಲಿಂದ ಹೊತ್ತು ತರುತ್ತಿದ್ದಾರೆ? ಒಂದೂ ಇಲ್ಲ. ಇಂಥ ಪತ್ರ ನಿಜವಾದ ಪಂಚಾಯ್ತಿಗೆ ಹೋದರೆ ಪಿಡಿಒ ಸಾಹೇಬರು ಕಟ್ಟಿಗೆ ಸೇರಿಸಿ ಸುಮ್ಮನಾಗುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ಅದಕ್ಕೆ ಒಳ್ಳೆ ಅಂಕ.

ಮೇಷ್ಟ್ರನ್ನೂ ನೋಡಿ

ಹಾಗಂತ ಮೇಷ್ಟ್ರುಗಳ ಮೇಲೆ ಕೂಗಾಡಿದರೆ ಅದು ನ್ಯಾಯವಲ್ಲ. ಬೇಸಿಗೆಯ ಬಿಸಿಲಲ್ಲಿ ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಕಟ್ಟುಗಟ್ಟಲೆ ಪೇಪರ್ ತಿದ್ದುವುದು ಹುಡುಗಾಟವಲ್ಲ. ಮಂಡಳಿ ಮಾದರಿ ಉತ್ತರ, ಅಂಕದ ಹಂಚಿಕೆ ಕೊಟ್ಟಿರುತ್ತೆ. ಸಹಾಯಕ ಮೌಲ್ಯಮಾಪಕರು ತಿದ್ದಿದ್ದರಲ್ಲಿ ಒಂದಷ್ಟನ್ನು ಮೇಲಿನವರು ಮತ್ತೆ ನೋಡುತ್ತಾರೆ. ಮಗು ಮೂರು ಗಂಟೆ ಕೂತು ಬರೆದದ್ದಕ್ಕೆ ಮೇಷ್ಟ್ರ ಕೈಯಲ್ಲಿ ಸಿಗುವುದು ಕೆಲವೇ ನಿಮಿಷ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದಾಗ ತಿದ್ದುವ ಸುತ್ತುಗಳೂ ಹೆಚ್ಚಾದವು. ಕೂಡುವಲ್ಲಿ ಎಡವಿದ ಮೌಲ್ಯಮಾಪಕರಿಗೆ ದಂಡ ಹಾಕಿದ್ದುಂಟು, ನೋಟೀಸು ಕೊಟ್ಟಿದ್ದುಂಟು. ಪ್ರಬಂಧವನ್ನು ಓದದೆ ಅಂಕ ಹಾಕಿದ್ದಕ್ಕೆ ದಂಡ ಬಿದ್ದದ್ದನ್ನು ಯಾರೂ ಕೇಳಿಲ್ಲ. ಹಾಗಿದ್ದ ಮೇಲೆ ಮೇಷ್ಟ್ರ ಗಮನ ಎತ್ತ ಹೋಗುತ್ತೆ? ಕೂಡುವ ಕಡೆಗೆ! ಸಹಜ ತಾನೇ?

ಜೊತೆಗೆ ಇನ್ನೊಂದು ತಾಪತ್ರಯ. ಬರವಣಿಗೆಗೆ ಅಂಕ ಹಾಕುವುದು ಪ್ರಪಂಚದಲ್ಲಿ ಎಲ್ಲೂ ಸುಲಭವಾಗಿಲ್ಲ. ಮೇಷ್ಟ್ರು ಬದಲಾದರೆ ಅಂಕ ಬದಲಾಗುತ್ತೆ ಅನ್ನುವುದು ಫೇಲಾದವರ ಗೊಣಗಾಟ ಮಾತ್ರವಲ್ಲ. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು 1912ರಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಹೈಸ್ಕೂಲ್ ಮಕ್ಕಳ ಎರಡು ಇಂಗ್ಲಿಷ್ ಉತ್ತರ ಪತ್ರಿಕೆಗಳ ಪ್ರತಿ ತೆಗೆದು ನೂರಾರು ಶಾಲೆಗಳ ಮೇಷ್ಟ್ರುಗಳಿಗೆ ಕಳಿಸಿದರು. ಒಂದೇ ಪತ್ರಿಕೆಗೆ ಒಬ್ಬರು 64 ಕೊಟ್ಟರೆ ಇನ್ನೊಬ್ಬರು 98 ಕೊಟ್ಟರು. ಮತ್ತೊಂದಕ್ಕೆ 50ರಿಂದ 97ರ ತನಕ ಬಂತು. ಭಾಷೆ ಅಲ್ಲವೇ, ಹಾಗೆಯೇ ಅಂತ ಜನ ಅಂದಾಗ, ಮರುವರ್ಷ ರೇಖಾಗಣಿತದ ಪೇಪರ್ ಕಳಿಸಿದರು. ಅಲ್ಲಿ ಅಂತರ ಇನ್ನೂ ದೊಡ್ಡದಾಯಿತು!

ಇಂಗ್ಲೆಂಡಿನಲ್ಲಿ ಹಾರ್ಟಾಗ್ ಮತ್ತು ರೋಡ್ಸ್ 1935ರಲ್ಲಿ ಪ್ರಕಟಿಸಿದ ವರದಿ ಇದಕ್ಕೂ ಮೋಜಿನದು. ಚರಿತ್ರೆಯ 15 ಉತ್ತರ ಪತ್ರಿಕೆಗಳನ್ನು 14 ಮಂದಿ ಪರೀಕ್ಷಕರಿಗೆ ಕೊಟ್ಟು, ಒಂದು ವರ್ಷ ಕಳೆದ ಮೇಲೆ ಅವೇ ಪತ್ರಿಕೆಗಳನ್ನು ಅವರಿಗೇ ಮತ್ತೆ ಕೊಟ್ಟರು. ಒಟ್ಟು 210 ತೀರ್ಪುಗಳಲ್ಲಿ 92 ಸಲ ಅವರೇ ಕೊಟ್ಟ ಪಾಸು, ಫೇಲು, ದರ್ಜೆಯ ತೀರ್ಪು ಬದಲಾಗಿತ್ತು. ಬೇರೆಯವರ ಮಾತು ಹಾಗಿರಲಿ, ತಮ್ಮ ಮಾತಿಗೆ ತಾವೇ ನಿಲ್ಲಲಿಲ್ಲ.

ಯಾಕೆ ಹೀಗೆ? ಇದಕ್ಕೆ ಉತ್ತರದ ಜಾಡು ಹಿಡಿದದ್ದು 1961ರಲ್ಲಿ ಅಮೆರಿಕದ ಡೀಡರಿಕ್ ಮತ್ತು ಅವರ ಸಂಗಡಿಗರು. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳ 300 ಪ್ರಬಂಧ, ಓದುವವರು 53 ಮಂದಿ. ಮೇಷ್ಟ್ರು, ಲೇಖಕರು, ವಕೀಲರು, ವ್ಯಾಪಾರಸ್ಥರು ಎಲ್ಲ ಇದ್ದರು. ಒಂಬತ್ತು ದರ್ಜೆಗಳಲ್ಲಿ ಯಾವುದಾದರೂ ಒಂದು ಕೊಡಿ ಅಂದರು. 300ರಲ್ಲಿ 101 ಪ್ರಬಂಧಗಳಿಗೆ ಒಂಬತ್ತೂ ದರ್ಜೆ ಬಂದವು. ಐದಕ್ಕಿಂತ ಕಡಿಮೆ ಬಗೆಯ ದರ್ಜೆ ಪಡೆದ ಪ್ರಬಂಧ ಒಂದೂ ಇರಲಿಲ್ಲ. ಆಮೇಲೆ ಗುಂಪು ಬಿಡಿಸಿ ನೋಡಿದಾಗ ಓದುವವರಲ್ಲಿ ಐದು ಜಾತಿ ಕಂಡುಬಂತು. ಒಬ್ಬರಿಗೆ ವಿಚಾರ ಮುಖ್ಯ, ಒಬ್ಬರಿಗೆ ಕಾಗುಣಿತ ವ್ಯಾಕರಣ, ಒಬ್ಬರಿಗೆ ಜೋಡಣೆ, ಒಬ್ಬರಿಗೆ ಪದಗಳ ಆಯ್ಕೆ, ಇನ್ನೊಬ್ಬರಿಗೆ ಬರೆದವನ ಸ್ವಂತ ರುಚಿ.

ಈ ಐದೂ ಜಾತಿಯವರನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಯಾವ ಹೈಸ್ಕೂಲಿನ ಸ್ಟಾಫ್ ರೂಮಿಗೆ ಹೋದರೂ ಸಿಗುತ್ತಾರೆ. ನಮ್ಮ ಮದ್ದೂರಿನ ಹುಡುಗನ ಪೇಪರು ವಿಚಾರ ನೋಡುವ ಮೇಡಂ ಕೈಗೆ ಸಿಕ್ಕಿತೋ, ಬಚಾವ್. ಕಾಗುಣಿತದ ಮೇಷ್ಟ್ರ ಕೈಗೆ ಬಿತ್ತೋ, ಕಥೆ ಮುಗೀತು.

ಹಕಾರದ ಗ್ರಹಚಾರ

ಕಾಗುಣಿತದ ಮಾತು ಬಂತು. ಮಂಡ್ಯ, ಮೈಸೂರು ಕಡೆಯ ಹಳ್ಳಿ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಹಾಲು ಆಲಾಗುತ್ತೆ, ಹಸು ಅಸುವಾಗುತ್ತೆ. ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆಯಿತು ಅಂತ ಅದೇ ತರಗತಿಯಲ್ಲಿ ಪಾಠ ಮಾಡುತ್ತಾರೆ. ಪಕಾರ ಹಕಾರವಾದರೆ ಅದು ಭಾಷೆಯ ಬೆಳವಣಿಗೆ, ಹಕಾರ ಉದುರಿಹೋದರೆ ಅದು ಹಳ್ಳಿಗಮಾರತನ! ಹೆದರಿದ ಮಕ್ಕಳು ಇನ್ನೊಂದು ತುದಿಗೂ ಹೋಗುತ್ತಾರೆ. ಎಲ್ಲಿ ಹಕಾರ ಬಿಟ್ಟೇನೋ ಅಂತ ಬೇಡದ ಕಡೆಗೂ ಹಚ್ಚಿ, ಅಕ್ಕಿಯನ್ನು ಹಕ್ಕಿ ಮಾಡಿ, ಆಸೆಯನ್ನು ಹಾಸೆ ಮಾಡಿ ಇಡುತ್ತಾರೆ. ಅದಕ್ಕೂ ಕೆಂಪು ಗೆರೆ.

ಮಹಾಪ್ರಾಣದ್ದು, ಶ ಷ ಸ ಗೊಂದಲದ್ದು ಇನ್ನೊಂದು ಗೋಳು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಿಗರ ಆಡುಮಾತಿನಲ್ಲಿ ಮಹಾಪ್ರಾಣವೇ ಇಲ್ಲ, ಬರಹದಲ್ಲಿ ಅದನ್ನು ಹೊರಿಸುವುದೇಕೆ ಅಂತ ವಾದಿಸಿ, ತಮ್ಮ ಪುಸ್ತಕಗಳನ್ನೇ ಮಹಾಪ್ರಾಣ ಬಿಟ್ಟು ಬರೆದರು. ಒಪ್ಪದವರು ಬಹಳ. ವಾದ ಅಲ್ಲಿರಲಿ ಬಿಡಿ, ಶಂಕರ ಭಟ್ಟರು ಬಿಟ್ಟರೆ ಸಂಶೋಧನೆ, ಸಂತೆಕಸಲಗೆರೆ ಹುಡುಗ ಬಿಟ್ಟರೆ ಅಂಕ ಕಟ್ ಅನ್ನುವ ಪರಿಸ್ಥಿತಿಯಂತೂ ಇದೆ. ಪೇಟೆಯಲ್ಲಿ 'ಬೋಜನ ಸಿದ್ದವಿದೆ' ಅಂತ ಬೋರ್ಡು ತೂಗಿದರೂ ಹಸಿದವರು ಒಳಗೆ ಹೋಗಿಯೇ ಹೋಗುತ್ತಾರೆ.

ಇದರರ್ಥ ಕಾಗುಣಿತ ಕಲಿಸಬಾರದು ಅಂತಲ್ಲ. ಕಲಿಸಲೇಬೇಕು. ನಾಳೆ ಆ ಹುಡುಗ ಕೆಲಸಕ್ಕೆ ಅರ್ಜಿ ಬರೆದಾಗ 'ಆಲು' ಅಂತ ಬರೆದರೆ ನಗುವವರು ಇದ್ದೇ ಇರುತ್ತಾರೆ, ನಷ್ಟ ಅವನಿಗೇ. ತಕರಾರು ಇರುವುದು ತೂಕದ ಬಗ್ಗೆ. ಒಂದೇ ತಪ್ಪು ಮೂರು ಸಲ ಬಂದರೆ ಅದು ಒಂದು ತಪ್ಪೋ, ಮೂರು ತಪ್ಪೋ? ಕಾಗುಣಿತಕ್ಕೆ ಅಂತ ಬೇರೆ ಅಂಕ ಇಟ್ಟು ಅಲ್ಲಿ ಕಳೆಯಲಿ. ಏನು ಹೇಳಿದ್ದಾನೆ ಅನ್ನುವುದಕ್ಕೆ ಬೇರೆ ಅಂಕ ಇಟ್ಟು ಅಲ್ಲಿ ಕೊಡಲಿ. ಅಲ್ಲೂ ಕಳೆದು ಇಲ್ಲೂ ಕಳೆದರೆ ಒಂದೇ ಸಾಲಕ್ಕೆ ಎರಡು ಸಲ ಬಡ್ಡಿ ವಸೂಲಿ ಮಾಡಿದ ಹಾಗೆ. ತಿದ್ದಲು ಕೂರುವ ಮುಂಚೆ ಹತ್ತಾರು ನಿಜವಾದ ಪ್ರಬಂಧಗಳನ್ನು ಎಲ್ಲರೂ ಓದಿ, ಇಂಥದಕ್ಕೆ ಇಷ್ಟು ಅಂತ ಒಮ್ಮತಕ್ಕೆ ಬಂದರೆ ಒಬ್ಬೊಬ್ಬರ ಅಂಕ ಒಂದೊಂದು ದಿಕ್ಕಿಗೆ ಓಡುವುದೂ ತಕ್ಕಮಟ್ಟಿಗೆ ಕಡಿಮೆಯಾಗುತ್ತೆ. ಒಂದು ಪ್ರಬಂಧವನ್ನು ಇಬ್ಬರು ಓದಿದರೆ ಇನ್ನೂ ವಾಸಿ. ಅದಕ್ಕೆ ದುಡ್ಡು ಬೇಕು, ದಿನ ಬೇಕು. 2022ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗಳನ್ನು ಒಂದೇ ಸೂರಿನಡಿ ತಂದ ಮಂಡಳಿ ಹೆಸರಿನಲ್ಲೇ 'ಮೌಲ್ಯನಿರ್ಣಯ' ಇಟ್ಟುಕೊಂಡಿದೆ. ಕೇಳುವುದಾದರೆ ಅವರನ್ನೇ ಕೇಳಬೇಕು.

ಇನ್ನು ಪೇಪರ್ ನೋಡುವ ಹಕ್ಕು. ಪರೀಕ್ಷೆ ಬರೆದವರಿಗೆ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಎಸ್ಸೆಸ್ಸೆಲ್ಸಿ ಮಕ್ಕಳು ಶುಲ್ಕ ಕಟ್ಟಿ ಪ್ರತಿ ತರಿಸಿಕೊಳ್ಳಬಹುದು, ಮರುಮೌಲ್ಯಮಾಪನಕ್ಕೂ ಹಾಕಬಹುದು. ಕಟ್ಟುವವರು ಯಾರು? 620 ಬಂದು 625 ಬೇಕು ಅನ್ನುವ ಮನೆಯವರು. ಕನ್ನಡದಲ್ಲಿ ಜುಜುಬಿ ಅಂಕ ಬಂದ ಕೂಲಿಯವರ ಮಗ ಕಟ್ಟುವುದಿಲ್ಲ. ಕಟ್ಟಿ ತರಿಸಿಕೊಂಡರೂ ಅದರಲ್ಲಿ ಇರುವುದು ಟಿಕ್ಕು, ಅಂಕ ಅಷ್ಟೇ. ಈ ಸಾಲು ಚೆನ್ನಾಗಿದೆ, ಇಲ್ಲಿ ಇನ್ನಷ್ಟು ಹೇಳು ಅಂತ ಒಂದು ಮಾತು ಅಲ್ಲಿ ಸಿಗುವುದಿಲ್ಲ.

ಆ ಮಾತು ಸಿಗುವುದಾದರೆ ಶಾಲೆಯೊಳಗಿನ ಪರೀಕ್ಷೆಯಲ್ಲೇ ಸಿಗಬೇಕು. ಶಾಲೆಯ ಕೈಯಲ್ಲಿರುವ ಆ 25 ಅಂಕಕ್ಕೆ ಮಂಡಳಿಯ ಕೆಂಪು ಪೆನ್ನಿಲ್ಲ, ದಂಡದ ಭಯವಿಲ್ಲ. ಪೇಪರು ತಿದ್ದಿದ ಮೇಷ್ಟ್ರಿಗೆ ಮಗುವಿನ ಮುಖ ಗೊತ್ತು, ಊರು ಗೊತ್ತು, ಅವರ ಮನೇಲಿ ಹಾಲು ಡೈರಿಗೆ ಹೋಗುತ್ತೋ ಇಲ್ಲವೋ ಅದೂ ಗೊತ್ತು. ನಾಲ್ಕಾರು ಸೆಕ್ಷನ್ನು, ಆನ್‌ಲೈನ್ ಎಂಟ್ರಿ, ಗಣತಿ, ಚುನಾವಣೆ ಕೆಲಸದ ನಡುವೆ ಎಲ್ಲರ ಪ್ರಬಂಧಕ್ಕೂ ಷರಾ ಬರೆಯಲು ಆಗದಿರಬಹುದು. ತಿಂಗಳಿಗೆ ಒಂದಕ್ಕಾದರೂ ಎರಡು ಸಾಲು ಬರೆಯಬಹುದು.

ದಸರಾ ರಜೆ ಆಸುಪಾಸಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿದು ಪೋಷಕರ ಸಭೆ ಕರೆಯುತ್ತಾರೆ. ಅಂಕಪಟ್ಟಿಗೆ ಸಹಿ ಹಾಕಿಸಿಕೊಂಡು ಕಳಿಸುವುದು ವಾಡಿಕೆ. ಸಹಿ ಹಾಕುವ ಮುಂಚೆ, ಮಗು ಬರೆದ ಪ್ರಬಂಧದ ಹಾಳೆ ಕೊಡಿ ಸಾರ್, ಒಂದ್ಸಲ ಓದ್ಬೇಕು ಅಂತ ಕೇಳಲು ಯಾವ ಶುಲ್ಕವೂ ಇಲ್ಲ, ಅರ್ಜಿಯೂ ಬೇಕಿಲ್ಲ.